ಸಿಪಾಯಿಯಾಗುವ ಮಗನಿಗೆ ಎಷ್ಟು ಕ್ವಿಂಟಾಲಿನ ಫೋನು?



ನಿಮ್ಮ ಊರಿನಿಂದಲೂ ಒಬ್ಬ ಹುಡುಗನಾದರೂ ಸೈನ್ಯಕ್ಕೆ ಆಯ್ಕೆಯಾಗಿರಬಹುದು. ಕೋಳಿ ಕೂಗುವ ಹೊತ್ತಿಗೆ ಎದ್ದು ಕೆರೆ ಏರಿಯ ಮೇಲೆ ಓಡಿ, 1,600 ಮೀಟರ್ ಓಟ ಗೆದ್ದು, ಎದೆ ಅಳತೆ ಕೊಟ್ಟು, ಪರೀಕ್ಷೆ ಬರೆದು, ಕೊನೆಗೆ ಕರೆಪತ್ರ ತಂದವನು. ಮನೆಯವರಿಗೆ ಹೆಮ್ಮೆ, ಊರಿಗೂ ಹೆಮ್ಮೆ. ಆ ಹೆಮ್ಮೆಯ ವಾರದಲ್ಲೇ ಅಪ್ಪನಾದವನು ಒಂದು ತಪ್ಪು ಮಾಡುತ್ತಾನೆ. ಟ್ರಂಕು, ಬೂಟು, ಬನಿಯನ್ನು ಎಲ್ಲಾ ಕೊಂಡ ಮೇಲೆ ಮೊಬೈಲು ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಅಲ್ಲಿಂದ ಇಳಿಯುವಾಗ ಅವನ ತಲೆಯ ಮೇಲೆ ಇನ್ನೊಂದು ಸಾಲ ಕೂತಿರುತ್ತದೆ.

ಫೋನು ಬೇಡ ಎಂದು ನಾನು ಹೇಳುತ್ತಿಲ್ಲ. ಸಾವಿರ ಮೈಲಿ ಆಚೆ ಇರುವ ಮಗನ ದನಿ ಕೇಳಬೇಡಿ ಎಂದು ಯಾವ ಬಾಯಿಂದ ಹೇಳಲಿ? ನನ್ನ ಜಗಳ ಇರುವುದು ಅದರ ಬೆಲೆಯ ಮೇಲೆ, ಕೊಳ್ಳುವ ಸಮಯದ ಮೇಲೆ, ಕೊಳ್ಳುವ ರೀತಿಯ ಮೇಲೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗ ಅಗ್ನಿವೀರನಾಗಿ ಆಯ್ಕೆಯಾದ. ಹೊರಡಲು ಎಂಟು ದಿನ ಇದೆ ಅನ್ನುವಾಗ ಅಪ್ಪ ಮಗ ಇಬ್ಬರೂ ಪೇಟೆಗೆ ಹೋದರು. ಹತ್ತು ಸಾವಿರದ ಫೋನು ನೋಡಲು ಹೋದವರು 24,000 ರೂಪಾಯಿಯದು ಹಿಡಿದು ಬಂದರು. ‘ಶೂನ್ಯ ಬಡ್ಡಿ, ಹನ್ನೆರಡು ಕಂತು’ ಎಂದು ಅಂಗಡಿಯವ ಹೇಳಿದನಂತೆ. ನಾನು ಬೈದೆ. ಅದಕ್ಕೆ ಅಣ್ಣ ಅಂದದ್ದು ಇಷ್ಟು: “ಹೋಗ್ಲಿ ಬಿಡೋ, ಗಡಿ ಕಾಯಕ್ಕೆ ಹೋಗೋ ಹುಡುಗ. ನಾಲ್ಕು ಜನದ ಮುಂದೆ ಅವನ ಕೈಲಿ ಒಂದು ಒಳ್ಳೆ ಫೋನು ಬೇಡ್ವೇನೋ?” ಈ ಮಾತಿಗೆ ಎದುರಾಡುವುದು ಕಷ್ಟ. ಮಾರುವವರಿಗೂ ಅದು ಗೊತ್ತಿದೆ.

ಶೂನ್ಯ ಬಡ್ಡಿ ಎಂದರೆ ಏನೆಂದು ನಮಗೆ ಗೊತ್ತಿಲ್ಲವೇ? ನಮ್ಮ ಸಹಕಾರ ಸಂಘದಲ್ಲಿ ಬೆಳೆ ಸಾಲ ತೆಗೆದು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಅದರ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅಲ್ಲಿ ಬಡ್ಡಿಯನ್ನು ಸರ್ಕಾರ ತುಂಬುತ್ತದೆ. ಮೊಬೈಲು ಅಂಗಡಿಯಲ್ಲಿ ಯಾರು ತುಂಬುತ್ತಾರೆ? ನೀವೇ.

ಅಣ್ಣನ ಲೆಕ್ಕವನ್ನೇ ಬಿಡಿಸೋಣ. ಅದೇ ಫೋನು ರೊಕ್ಕ ಎಣಿಸಿ ಕೊಂಡಿದ್ದರೆ 22,500ಕ್ಕೆ ಬರುತ್ತಿತ್ತು. ಕಂತಿಗೆ ಆ ರಿಯಾಯಿತಿ ಇಲ್ಲ. ಅಲ್ಲಿಗೆ 1,500 ಹೋಯಿತು. ಕಡತದ ಖರ್ಚು ಎಂದು 800. ಪರದೆ ಒಡೆದರೆ ವಿಮೆ ಎಂದು, ಕೇಳದೆಯೇ ಸೇರಿಸಿದ 1,100. ಒಟ್ಟು 3,400 ರೂಪಾಯಿ. ಮೊದಲ ದಿನ 6,000 ಕೊಟ್ಟು ಉಳಿದ 18,000ಕ್ಕೆ ತಿಂಗಳಿಗೆ 1,500ರಂತೆ ಕಂತು. ಆ 18,000 ಕೂಡ ಇಡೀ ವರ್ಷ ನಮ್ಮ ಕೈಯಲ್ಲಿರಲಿಲ್ಲ, ತಿಂಗಳು ತಿಂಗಳು ಕರಗುತ್ತಿತ್ತು. ಸರಾಸರಿ ಹಾಕಿದರೆ ವರ್ಷವಿಡೀ ನಾವು ಸಾಲಗಾರರಾಗಿದ್ದದ್ದು 9,750 ರೂಪಾಯಿಗೆ. ಅದರ ಮೇಲೆ 3,400 ಎಂದರೆ ನೂರಕ್ಕೆ ಸುಮಾರು 35. ಇದಕ್ಕೆ ಶೂನ್ಯ ಎಂದು ಹೆಸರು!

ಮೊದಲ ದಿನ ಕೊಡಬೇಕಾದ ದುಡ್ಡೂ ಅಣ್ಣನ ಹತ್ತಿರ ಇರಲಿಲ್ಲ. ಊರಲ್ಲೇ ಒಬ್ಬರ ಹತ್ತಿರ 8,000 ಕೈಗಡ ತಂದಿದ್ದ, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ತಿಂಗಳಿಗೆ 240, ವರ್ಷಕ್ಕೆ 2,880. ಎಲ್ಲಾ ಕೂಡಿಸಿದರೆ 22,500ರ ವಸ್ತುವಿಗೆ ಮೇಲುಖರ್ಚೇ 6,280 ರೂಪಾಯಿ.

ಇನ್ನು ನಮ್ಮ ಅಳತೆಗೋಲಿನಲ್ಲಿ ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಬೆಲೆ ಖರೀದಿ ಕೇಂದ್ರದ ಮುಂದೆ ಸಾಲು ನಿಂತವನಿಗೆ ಮಾತ್ರ, ಅದು ಬೇರೆ ಮಾತು. ಅದೇ ಬೆಲೆ ಹಿಡಿದರೂ 24,000ದ ಫೋನು ಎಂದರೆ ಐದು ಕ್ವಿಂಟಾಲಿಗೆ ಒಂಬತ್ತು ಕೆ.ಜಿ. ಕಮ್ಮಿ ರಾಗಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಎಂಟು ಕ್ವಿಂಟಾಲು ಕಂಡರೆ ನಗುವವರು ನಾವು. ಅದರಲ್ಲಿ ಐದು ಕ್ವಿಂಟಾಲು ಅಂಗೈಯಗಲದ ಗಾಜಿಗೆ! ಆ 24,000ದೊಳಗೆ ಸರ್ಕಾರದ ಜಿ.ಎಸ್.ಟಿ.ಯೇ ಸುಮಾರು 3,660 ರೂಪಾಯಿ, ಅಂದರೆ ಮುಕ್ಕಾಲು ಕ್ವಿಂಟಾಲು ರಾಗಿ. ಮೊದಲು ಈ ತೆರಿಗೆ ನೂರಕ್ಕೆ 12 ಇತ್ತು. 2020ರ ಏಪ್ರಿಲ್ ಒಂದರಿಂದ 18 ಮಾಡಿದರು. ಫೋನಿನ ಬೆಲೆ ಕಟ್ಟುವವನು ಕಂಪನಿಯವನು, ಮೇಲೆ ತೆರಿಗೆ ಕಟ್ಟುವವನು ಸರ್ಕಾರದವನು, ರಾಗಿಗೆ ಬೆಲೆ ಕಟ್ಟುವವನೂ ನಾವಲ್ಲ. ನಮ್ಮ ಪಾಲಿಗೆ ಉಳಿದಿರುವುದು ಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಒಂದೇ. ಅದನ್ನಾದರೂ ಎಚ್ಚರದಿಂದ ಮಾಡಬಾರದೇ?

ಇಷ್ಟೆಲ್ಲಾ ಮಾಡಿ ಕೊಡಿಸಿದ ಫೋನಿನ ಗತಿ ಏನಾಯಿತು ಕೇಳಿ. ತರಬೇತಿ ಶುರುವಾದ ದಿನವೇ ಹುಡುಗ ಅದನ್ನು ಒಪ್ಪಿಸಬೇಕಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರವಿರಲಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿರಲಿ, ಹೊರರಾಜ್ಯದ್ದೇ ಇರಲಿ, ಹೊಸಬ ತನಗೆ ಬೇಕೆಂದಾಗ ಫೋನು ಹಿಡಿದು ಕೂರುವ ಜಾಗ ಅದಲ್ಲ. ಯಾವ ಫೋನು ತರಬಹುದು, ಯಾವಾಗ ಮಾತಾಡಬಹುದು ಎಂಬುದು ಆಯಾ ಕೇಂದ್ರದ ನಿಯಮ. ಕರೆಪತ್ರದ ಜೊತೆ ಬರುವ ಹಾಳೆಗಳನ್ನು ಓದಿ ಅಥವಾ ಅದೇ ಕೇಂದ್ರಕ್ಕೆ ಮೊದಲು ಹೋಗಿಬಂದ ಹುಡುಗನನ್ನು ಕೇಳಿ ತಿಳಿಯಬೇಕಿತ್ತು. ಅಣ್ಣ ಕೇಳಲಿಲ್ಲ. ಸಂಬಳ ಬಿದ್ದ ಕೂಡಲೇ ಮಗ ಕಂತಿನ ದುಡ್ಡು ಕಳಿಸುತ್ತಾನೆ ಎಂದು ನಂಬಿ ಕೂತ. ದುಡ್ಡು ಕಳಿಸಬೇಕಾದ ಆಪು ಇದ್ದದ್ದು ಫೋನಿನೊಳಗೆ, ಫೋನು ಇದ್ದದ್ದು ಬೀಗದೊಳಗೆ!

ಎರಡು ಕಂತು ತಪ್ಪಿತು. ಪ್ರತಿ ಸಲ ಕಂಪನಿಯ ದಂಡ 500, ಬ್ಯಾಂಕು ಹಿಡಿದದ್ದು ಬೇರೆ. ಅದಾದರೂ ಹೋಗಲಿ. ಹುಡುಗನಿಗೆ ವರಮಾನದ ದಾಖಲೆ ಇಲ್ಲವೆಂದು ಫೋನಿನ ಸಾಲ ಬರೆದದ್ದು ಅಣ್ಣನ ಹೆಸರಿಗೆ. ಮುಂದಿನ ಮುಂಗಾರಿಗೆ ಅಣ್ಣ ಬ್ಯಾಂಕಿಗೆ ಬೆಳೆ ಸಾಲಕ್ಕೆ ಹೋದಾಗ ಅಲ್ಲಿನವರು ಗಣಕಯಂತ್ರ ನೋಡಿ, “ನಿಮ್ಮ ಸಿಬಿಲ್ ಕೆಟ್ಟಿದೆ” ಎಂದರು. ಮೂವತ್ತು ವರ್ಷ ಸಂಘದ ಸಾಲ, ಬ್ಯಾಂಕಿನ ಸಾಲ ತೀರಿಸಿ ಬಂದವನ ಹೆಸರಿಗೆ ಮಸಿ ಬಳಿದದ್ದು ಮೂರು ಸಾವಿರ ರೂಪಾಯಿಯ ಎರಡು ಕಂತು. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಮತ್ತೆ ಅದೇ ಮೂರು ರೂಪಾಯಿ ಬಡ್ಡಿಯ ಬಾಗಿಲು. ನಾನು ಇದನ್ನು ಬರೆಯಲು ಕೂತದ್ದೇ ಈ ಕಾರಣಕ್ಕೆ. ಫೋನಿನ ಸಾಲ ಫೋನಿನಲ್ಲಿ ಮುಗಿಯುವುದಿಲ್ಲ, ಹೊಲದವರೆಗೂ ಬರುತ್ತದೆ.

“ಸಂಬಳ ಬರುತ್ತಲ್ಲ, ಏನಂತೆ?” ಎನ್ನುವವರಿದ್ದೀರಿ. ಬರುತ್ತದೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಸಾರಿದಾಗ ಕೊಟ್ಟ ಲೆಕ್ಕ ಇದು: ಮೊದಲ ವರ್ಷ ತಿಂಗಳಿಗೆ 30,000; ಅದರಲ್ಲಿ 9,000 ಸೇವಾನಿಧಿಗೆ ಮುರಿದುಕೊಂಡು ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ನಾಲ್ಕು ವರ್ಷ ತುಂಬಿದಾಗ ಸರ್ಕಾರದ ಪಾಲೂ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ. ಕಾಯಂ ಆಗುವವರು ನೂರಕ್ಕೆ 25 ಮೀರದಂತೆ. ಉಳಿದವರು ಪಿಂಚಣಿ ಇಲ್ಲದೆ ಊರಿಗೆ. ಅಂದರೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿಗೆ ಆ ಹುಡುಗ ಮತ್ತೆ ಬದುಕು ಕಟ್ಟಬೇಕಾಗಬಹುದು. ಅವನ 48 ಸಂಬಳಗಳಲ್ಲಿ ಮೊದಲ ಹನ್ನೆರಡನ್ನು ಅವನು ರೈಲು ಹತ್ತುವ ಮೊದಲೇ ಒತ್ತೆ ಇಡುವುದು ಯಾವ ನ್ಯಾಯ?

ಹಾಗಾದರೆ ಏನು ಕೊಡಿಸಬೇಕು? ನನ್ನ ಅಭಿಪ್ರಾಯ ಇದು. ಹೋಗುವಾಗ ಒಂದು ಬಟನ್ ಫೋನು ಸಾಕು. ಎರಡು ಮೂರು ಸಾವಿರದೊಳಗೆ ಸಿಗುತ್ತದೆ. ಆದರೆ 4ಜಿ ಇರುವಂಥದ್ದನ್ನೇ ಕೇಳಿ. ಮನೆಯಲ್ಲಿ ಬಿದ್ದಿರುವ ಹಳೇ 2ಜಿ ಡಬ್ಬಿಗೆ ಜಿಯೋ ಸಿಮ್ ಹಾಕಿದರೆ ಅದು ಮಾತಾಡುವುದಿಲ್ಲ. ಇನ್ನೊಂದು ಕಡೆ, ಕಂಪನಿಯೇ ಅಗ್ಗಕ್ಕೆ ಕೊಡುವ ಫೋನೂ ಈ ಕೆಲಸಕ್ಕೆ ಬೇಡ. 2023ರ ಜುಲೈಯಲ್ಲಿ 999 ರೂಪಾಯಿಗೆ ಬಂದ ಜಿಯೋ ಭಾರತ್‌ನಂಥವಕ್ಕೆ ಅದೇ ಕಂಪನಿಯ ಸಿಮ್ ಮಾತ್ರ ಒಗ್ಗುತ್ತದೆ. ನಾಳೆ ಮಗನನ್ನು ಎಲ್ಲಿಗೆ ಹಾಕುತ್ತಾರೋ, ಅಲ್ಲಿ ಯಾರ ಗೋಪುರ ಇದೆಯೋ ಯಾರು ಬಲ್ಲರು? ಜಮ್ಮು ಕಾಶ್ಮೀರದ ಕಡೆ ನಮ್ಮ ರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು ಅಥವಾ ಅಲ್ಲಿನದೇ ಕೊಳ್ಳಬೇಕು. ಆದ್ದರಿಂದ ಯಾವ ಕಂಪನಿಯ ಸಿಮ್ಮಾದರೂ ಹಿಡಿಯುವ, ಎರಡು ಸಿಮ್ ಹಾಕುವ ಫೋನೇ ಆಗಬೇಕು. ಬಟನ್ ಫೋನಿನಲ್ಲಿ ದುಡ್ಡು ಕಳಿಸುವುದು ಹೇಗೆ ಎನ್ನಬೇಡಿ. ಅದಕ್ಕೆಂದೇ ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಯು.ಪಿ.ಐ. 123ಪೇ ತಂದಿದೆ. ಹೋಗುವ ಮುಂಚೆ ಮನೆಯಲ್ಲೇ ಒಂದೆರಡು ಸಲ ಕಳಿಸಿ ಕಲಿಯಲಿ.

ದೊಡ್ಡ ಫೋನು ತರಬೇತಿ ಮುಗಿದ ಮೇಲೆ, ಅವನ ಸಂಬಳದಲ್ಲಿ, ರೊಕ್ಕಕ್ಕೆ. ಇದನ್ನು ಬರೀ ಜಿಪುಣತನಕ್ಕೆ ಹೇಳುತ್ತಿಲ್ಲ. ಸೈನ್ಯದಲ್ಲಿ ಯಾವ ಫೋನು ಸಲ್ಲುತ್ತದೆ ಎಂಬುದು ನಮಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. 2020ರ ಜುಲೈಯಲ್ಲಿ ಸೈನ್ಯ ತನ್ನವರಿಗೆಲ್ಲಾ 89 ಆಪುಗಳನ್ನು ತೆಗೆದುಹಾಕಲು ಹೇಳಿತು. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಎರಡೂ ಆ ಪಟ್ಟಿಯಲ್ಲಿದ್ದವು. 2023ರ ಮಾರ್ಚಿನಲ್ಲಿ ಚೀನಾ ಮೂಲದ ಫೋನುಗಳ ಬಗ್ಗೆ ಎಚ್ಚರ ಹೇಳಿದ್ದಾರೆಂದು ಪತ್ರಿಕೆಗಳಲ್ಲಿ ಬಂತು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಲವು ಹೆಸರು ಅದರಲ್ಲಿದ್ದವು. ಇಂಥ ನಿಯಮ ಕಾಲಕಾಲಕ್ಕೆ ಬದಲಾಗುತ್ತದೆ. ಅವನ ಘಟಕದವರು ಹೇಳಿದ ಮೇಲೆ ಕೊಂಡರೆ ಒಂದೇ ಸಲ ಕೊಳ್ಳಬಹುದು; ಮುಂಚೆ ಕೊಂಡರೆ ಎರಡು ಸಲ.

ಆಗಲೂ ಹತ್ತು ಸಾವಿರದ ಆಸುಪಾಸು ಸಾಕು. ಅದರ ಮೇಲೆ ಕೊಡುವ ದುಡ್ಡಿನಲ್ಲಿ ಬಹಳಷ್ಟು ಕ್ಯಾಮೆರಾಕ್ಕೆ, ಆಟಕ್ಕೆ ಹೋಗುತ್ತದೆ. ಶಿಬಿರದ ಒಳಗೆ ಫೋಟೋ ಹಿಡಿದು ಊರಿಗೆ ಕಳಿಸುವುದು ಎಂಥ ಅಪಾಯ ಎಂದು ಅವನಿಗೆ ಅಲ್ಲಿ ಮೊದಲ ವಾರವೇ ಹೇಳಿರುತ್ತಾರೆ. ಅವನು ನೋಡಬೇಕಾದ್ದು ಬ್ಯಾಟರಿ, 5,000 ಎಂ.ಎ.ಎಚ್. ಇದ್ದರೆ ಒಂದು ದಿನ ನಿಶ್ಚಿಂತೆ. ಆಮೇಲೆ ಭದ್ರತೆಯ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂಬುದು. ಬೀಜದ ಚೀಲದ ಮೇಲೆ ಅವಧಿ ನೋಡುತ್ತೀರಲ್ಲ, ಹಾಗೆ. ಅವಧಿ ಮುಗಿದ ಫೋನು ಮಾತಾಡುತ್ತದೆ, ಆದರೆ ಕಳ್ಳನಿಗೆ ಕದ ತೆರೆದಿಟ್ಟಂತೆ. ಸಿಪಾಯಿಯ ಫೋನಿಗೆ ಕಣ್ಣು ಹಾಕುವವರು ಬರೀ ದುಡ್ಡಿನ ಕಳ್ಳರಲ್ಲ. ಹಳೇ ಫೋನು ಅಗ್ಗಕ್ಕೆ ಸಿಗುತ್ತದೆಂದರೆ *#06# ಒತ್ತಿ. ಹದಿನೈದು ಅಂಕಿಯ ಒಂದು ಸಂಖ್ಯೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆ.ವೈ.ಎಂ. ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಸಂದೇಶ ಕಳಿಸಿದರೆ ಅದು ಅಸಲಿಯೋ, ತಡೆಹಿಡಿದ ಮಾಲೋ ಎಂದು ಉತ್ತರ ಬರುತ್ತದೆ. ಕದ್ದ ಫೋನು ಹಿಡಿದು ಸೈನ್ಯದ ಗೇಟಿಗೆ ಹೋಗುವುದು ಬೇಡ.

ರೀಚಾರ್ಜಿನ ಮಾತು ಒಂದು ಸಾಲಲ್ಲಿ ಮುಗಿಸುತ್ತೇನೆ. ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ 28 ದಿನ, ವರ್ಷಕ್ಕೆ ಹದಿಮೂರು ತಿಂಗಳು. 30 ದಿನದ್ದೂ ಒಂದಾದರೂ ಇಡಬೇಕೆಂದು 2022ರ ಜನವರಿಯಲ್ಲಿ ಟ್ರಾಯ್ ಆದೇಶ ಮಾಡಿದೆ. ಅದು ಎಷ್ಟಕ್ಕೆ ಎಂದು ಬಾಯಿಬಿಟ್ಟು ಕೇಳಿ.

ಕೊನೆಗೆ ಒಂದು ಮಾತು, ಇದು ನನ್ನ ಅತ್ತಿಗೆ ಹೇಳಿದ್ದು. ಆ ವರ್ಷ ತರಬೇತಿಯಿಂದ ಹುಡುಗ ಫೋನು ಮಾಡುತ್ತಿದ್ದದ್ದು ಭಾನುವಾರ, ಸಿಕ್ಕ ಅರ್ಧ ಗಂಟೆಯಲ್ಲಿ. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಣ್ಣನ ಜೇಬಿನಲ್ಲಿ. ಅಣ್ಣ ಭಾನುವಾರ ಸಂತೆಯಲ್ಲಿ. “ಮಗನಿಗೆ ಇಪ್ಪತ್ನಾಲ್ಕು ಸಾವಿರದ್ದು ಕೊಡಿಸಿದ್ರಿ, ಅವನು ಮಾತಾಡ್ಬೇಕು ಅಂದಾಗ ಇತ್ಲಾಗೆ ಎತ್ಕಳಕ್ಕೆ ನಂಗೊಂದು ಇತ್ತೇನಪ್ಪಾ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವರ್ಷ ನಮ್ಮೂರಿಂದ ಇನ್ನೊಬ್ಬ ಹುಡುಗ ಹೊರಟಾಗ ಅವರಪ್ಪನನ್ನು ನಾನೇ ಪೇಟೆಗೆ ಕರೆದುಕೊಂಡು ಹೋದೆ. ಎರಡು ಬಟನ್ ಫೋನು ಕೊಂಡೆವು, ಒಂದು ಹುಡುಗನಿಗೆ, ಒಂದು ಅವರ ತಾಯಿಗೆ. ಐದು ಸಾವಿರದೊಳಗೆ ಆಯಿತು, ರೊಕ್ಕ ಎಣಿಸಿ ಕೊಟ್ಟು ರಸೀದಿ ಇಸಕೊಂಡೆವು.

ಅಣ್ಣನ ಕಂತು ತೀರಿ ಐದು ತಿಂಗಳಾಯಿತು. ಸಾಲ ತೀರಿದ ಪತ್ರಕ್ಕೆ ಅಂಗಡಿಗೆ ಮೂರು ಸಲ ಹೋಗಿಬಂದಿದ್ದೇವೆ. ಮುಂದಿನ ಸೋಮವಾರ ಬನ್ನಿ ಎಂದಿದ್ದಾರೆ.