ಪೈಥಾನ್‌ನ ‘ಸಮ್’ ಕೆಟ್ಟುಹೋಯಿತೇ? ಆ್ಯಪ್ ಅಳಿಸುವ ಮೊದಲು ಇದನ್ನು ಓದಿ

“ಪೈಥಾನ್‌ನ ಒಳಗಿನ ಹೆಸರು ಮುಟ್ಟಿದರೆ ಸಾಫ್ಟ್‌ವೇರ್ ಕೆಡುತ್ತದೆ, ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ.” ಫೋನಿನಲ್ಲೇ ಕೋಡಿಂಗ್ ಕಲಿಯುವವರು ಇಂಥ ಸಲಹೆಯನ್ನು ತಕ್ಷಣ ಪಾಲಿಸಬೇಡಿ. ಆ್ಯಪ್ ಅಳಿಸಿದರೆ ಅದರೊಳಗೆ ಉಳಿಸಿಟ್ಟ ನಿಮ್ಮ ಪ್ರೋಗ್ರಾಮುಗಳೂ ಹೋಗಬಹುದು. ಪೈಥಾನ್ ಮಾತ್ರ ಕೆಟ್ಟಿರುವುದಿಲ್ಲ.

ಗಂಗಾವತಿಯ ವಿದ್ಯಾರ್ಥಿಯೊಬ್ಬ ಭತ್ತದ ಚೀಲಗಳ ತೂಕ ಕೂಡಿಸಲು ‘ಸಮ್ = 0’ ಎಂದು ಬರೆದು, ಒಂದೊಂದೇ ತೂಕ ಸೇರಿಸುತ್ತಾ ಹೋದ ಎಂದಿಟ್ಟುಕೊಳ್ಳಿ. ಲೆಕ್ಕ ಸರಿಯಾಗಿಯೇ ಬರುತ್ತದೆ. ಮುಂದೆ ಇನ್ನೊಂದು ಪಟ್ಟಿ ಕೂಡಿಸಲು ಪೈಥಾನ್‌ನದೇ ‘ಸಮ್’ ಫಂಕ್ಷನ್ ಕರೆದಾಗ ‘ಇಂಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್’ ಎಂಬ ಎರರ್ ಬರುತ್ತದೆ. ಅಂದರೆ ಅವನು ಫಂಕ್ಷನ್ ಎಂದುಕೊಂಡು ಕರೆದದ್ದು ಒಂದು ಸಂಖ್ಯೆಯನ್ನು.

ಯಲಬುರ್ಗಾದ ಒಂದು ಮನೆಯಲ್ಲಿ ನಿಂತು ‘ಬಸವರಾಜ’ ಎಂದು ಕೂಗಿದರೆ ಮೊದಲು ಓಗೊಡುವವನು ಮನೆಯ ಬಸವರಾಜ. ಅವನಿಲ್ಲದಿದ್ದರೆ ಓಣಿಯವನು, ಆಮೇಲೆ ಊರಿನವನು. ಪೈಥಾನ್ ಹುಡುಕುವುದೂ ಹೀಗೆಯೇ: ಮೊದಲು ಫಂಕ್ಷನ್ನಿನ ಒಳಗೆ, ನಂತರ ಅದನ್ನು ಸುತ್ತುವರಿದ ಫಂಕ್ಷನ್ನಿನಲ್ಲಿ, ನಂತರ ಇಡೀ ಫೈಲಿನಲ್ಲಿ, ಕೊನೆಗೆ ‘ಬಿಲ್ಟ್‌ಇನ್ಸ್’ ಎಂಬ ತನ್ನದೇ ಪಟ್ಟಿಯಲ್ಲಿ. ಈ ಒಂದೊಂದು ಜಾಗವೂ ಒಂದು ನೇಮ್‌ಸ್ಪೇಸ್. ಮನೆಯವನು ಓಗೊಟ್ಟ ಮಾತ್ರಕ್ಕೆ ಊರಿನ ಬಸವರಾಜ ಇಲ್ಲವಾಗುವುದಿಲ್ಲ!

ಹಾಗಾಗಿ ‘ಸಮ್ = 0’ ಎಂಬ ಸಾಲಿನಲ್ಲೂ ತೂಕ ಸೇರಿಸುವ ಸಾಲುಗಳಲ್ಲೂ ‘ಸಮ್’ ಬದಲು ‘ಒಟ್ಟು’ ಎಂದು ಬರೆದು ಪ್ರೋಗ್ರಾಮನ್ನು ಮತ್ತೆ ಶುರುಮಾಡಿದರೆ ಸಾಕು. (ಪೈಥಾನ್ 3 ಕನ್ನಡ ಅಕ್ಷರದ ಹೆಸರುಗಳನ್ನೂ ಒಪ್ಪುತ್ತದೆ.) ಹೆಸರು ಬದಲಿಸದೆ ಎಷ್ಟು ಸಲ ಶುರುಮಾಡಿದರೂ ಅದೇ ಎರರ್. ಬೇಕೇ ಬೇಕೆಂದರೆ ಪೂರ್ತಿ ವಿಳಾಸ ಕೊಡಬಹುದು. ನಮ್ಮ ಭಾಗದಲ್ಲಿ ಬಸಾಪುರ ಎಂದರೆ ‘ಯಾವ ಬಸಾಪುರ?’ ಎಂದು ಕೇಳುತ್ತಾರೆ, ನಾವು ತಾಲ್ಲೂಕು ಸೇರಿಸಿ ಹೇಳುತ್ತೇವೆ. ಅದೇ ರೀತಿ ಬಿಲ್ಟ್‌ಇನ್ಸ್ ಅನ್ನು ಇಂಪೋರ್ಟ್ ಮಾಡಿಕೊಂಡು ‘ಬಿಲ್ಟ್‌ಇನ್ಸ್ ಡಾಟ್ ಸಮ್’ ಎಂದು ಕರೆದರೆ ಮೂಲ ಫಂಕ್ಷನ್ನೇ ಬರುತ್ತದೆ.

ಪೈಥಾನ್ ಇದನ್ನು ತಡೆಯುವುದಿಲ್ಲವೇ? ‘ಇಫ್’, ‘ಫಾರ್’ನಂಥ ಕೀವರ್ಡ್‌ಗಳನ್ನು ಯಾರೂ ಬಳಸಿಕೊಳ್ಳುವಂತಿಲ್ಲ. ‘ಸಮ್’, ‘ಲಿಸ್ಟ್’ ಬರೀ ಹೆಸರುಗಳು. 2008ರಲ್ಲಿ ಬಂದ ಪೈಥಾನ್ 3ರಿಂದ ‘ಪ್ರಿಂಟ್’ ಕೂಡ ಹಾಗೆಯೇ.

ನಿಜಕ್ಕೂ ಕಾಡುವುದು ಫೈಲಿನ ಹೆಸರು. ನಿಮ್ಮ ಅಭ್ಯಾಸದ ಫೈಲಿಗೆ ‘ರ್‍ಯಾಂಡಮ್ ಡಾಟ್ ಪಿವೈ’ ಎಂದು ಹೆಸರಿಟ್ಟರೆ, ‘ಇಂಪೋರ್ಟ್ ರ್‍ಯಾಂಡಮ್’ ಎಂದಾಗ ಪೈಥಾನ್ ಸಾಮಾನ್ಯವಾಗಿ ಮೊದಲು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ. ಆ ಫೈಲು ಅಲ್ಲೇ ಇದ್ದರೆ ಪೈಥಾನ್ ಮತ್ತೆ ಹಾಕಿಕೊಂಡರೂ ಸಮಸ್ಯೆ ಹೋಗದು. ಫೈಲಿನ ಹೆಸರು ಬದಲಿಸಿ.