ನಟರಾಜನನ್ನು ವಾಪಸ್ ತಂದಿದ್ದು ಒಂದು ಹಳೇ ಫೋಟೊ. ನಮ್ಮೂರ ದೇವರ ಫೋಟೊ ಎಲ್ಲಿದೆ?

2024ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋಗಿದ್ದಾಗ, ಭಾರತದಿಂದ ಕದ್ದು ಸಾಗಿಸಿದ್ದ 297 ಪ್ರಾಚೀನ ವಸ್ತುಗಳನ್ನು ಅಲ್ಲಿನ ಸರ್ಕಾರ ವಾಪಸ್ ಕೊಟ್ಟಿತು. ಖುಷಿಯ ಸುದ್ದಿಯೇ. ಆದರೆ 'ಇದು ನಮ್ಮದೇ' ಅಂತ ತೋರಿಸೋಕೆ ಆಗದಿದ್ದರೆ ಯಾವ ವಿಗ್ರಹವೂ ಸುಮ್ಮನೆ ವಾಪಸ್ ಬರಲ್ಲ. ಇದಕ್ಕೆ ಪಕ್ಕದ ತಮಿಳುನಾಡಿನ ಒಂದು ಪ್ರಕರಣ ನೋಡಿದರೆ ಸಾಕು.

ಅರಿಯಲೂರು ಜಿಲ್ಲೆಯ ಶ್ರೀಪುರಂತಾನ್‌ನಲ್ಲಿ ಚೋಳರ ಕಾಲದ ಶಿವನ ಗುಡಿ ಇದೆ. ಪೂಜೆ ನಿಂತು ಪಾಳುಬಿದ್ದಿತ್ತು. 2006ರ ಸುಮಾರಿಗೆ ಕಳ್ಳರು ಅಲ್ಲಿನ ಕಂಚಿನ ವಿಗ್ರಹಗಳನ್ನು ಹೊತ್ತೊಯ್ದರು. ಕಳುವಾಗಿದೆ ಅಂತ ಗೊತ್ತಾಗಿದ್ದು 2008ರಲ್ಲಿ. ಅದೇ ವರ್ಷ ಅಲ್ಲಿನ ನಟರಾಜ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಸೇರಿದ. ಮಾರಿದ್ದು ನ್ಯೂಯಾರ್ಕ್‌ನ ವ್ಯಾಪಾರಿ ಸುಭಾಷ್ ಕಪೂರ್. ಬೆಲೆ 50 ಲಕ್ಷ ಡಾಲರ್.

ಕಪೂರ್ ಕಾಗದಪತ್ರ ಕೊಟ್ಟಿದ್ದ. ವಿಗ್ರಹ ದಶಕಗಳ ಹಿಂದೆಯೇ ಭಾರತ ಬಿಟ್ಟಿದೆ ಅಂತ ಅದರಲ್ಲಿತ್ತು. ಎಲ್ಲಾ ಸುಳ್ಳು. ದಾಖಲೆ ಸಾಲದು ಅಂತ ವಕೀಲರೊಬ್ಬರು ಮೊದಲೇ ಎಚ್ಚರಿಸಿದ್ದರೂ ಗ್ಯಾಲರಿ ಕೊಂಡಿತು.

ಪೇಟೆಯ ಯಾವುದೇ ಬಂಗಾರದ ಅಂಗಡಿಯವರನ್ನು ಕೇಳಿ. ಗುರುತಿಲ್ಲದವರು ಹಳೇ ಸರ ತಂದರೆ ಬಿಲ್ ಎಲ್ಲಿ, ಯಾರದ್ದು ಅಂತ ವಿಚಾರಿಸ್ತಾರೆ. ವಿಚಾರಿಸದೆ ಕೊಂಡರೆ ನಾಳೆ ಪೊಲೀಸರು ಅಂಗಡಿ ಮುಂದೆ ನಿಲ್ತಾರೆ ಅಂತ ಅವರಿಗೆ ಗೊತ್ತು. ಇಷ್ಟು ಎಚ್ಚರ ಅಷ್ಟು ದೊಡ್ಡ ಮ್ಯೂಸಿಯಂಗೆ ಇರಲಿಲ್ಲ. ಕಳುವಿನ ದೂರು ಇಲ್ಲ ಅಂದ ಮಾತ್ರಕ್ಕೆ ಮಾಲು ಶುದ್ಧ ಅಂತಲ್ಲ. ಕಳೆದುಕೊಂಡ ಊರಿಗೇ ಸುದ್ದಿ ಗೊತ್ತಿಲ್ಲದಿದ್ದರೆ ದೂರು ಕೊಡೋರು ಯಾರು?

ಸುಳ್ಳು ಬಯಲಾಗಿದ್ದು ಫೋಟೊದಿಂದ. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯವರು 1994ರಲ್ಲಿ ಆ ಗುಡಿಯಲ್ಲೇ ನಟರಾಜನ ಫೋಟೊ ತೆಗೆದಿದ್ದರು. ಅದನ್ನೂ ಗ್ಯಾಲರಿಯ ವಿಗ್ರಹವನ್ನೂ ಪಕ್ಕಪಕ್ಕ ಇಟ್ಟಾಗ ಎರಡೂ ಒಂದೇ ಎಂದು ತಿಳಿಯಿತು. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಪ್ರಧಾನಿ ಟೋನಿ ಅಬಾಟ್ ಅದನ್ನು ದೆಹಲಿಗೆ ತಂದು ಒಪ್ಪಿಸಿದರು. 2022ರ ನವೆಂಬರ್‌ನಲ್ಲಿ ಕುಂಭಕೋಣದ ಕೋರ್ಟು ಕಪೂರ್‌ಗೆ 10 ವರ್ಷ ಶಿಕ್ಷೆ ಕೊಟ್ಟಿತು.

ಇಷ್ಟಾದರೂ ನಟರಾಜ ತನ್ನ ಗುಡಿಗೆ ಹೋಗಲಿಲ್ಲ. ಭದ್ರತೆ ಇಲ್ಲ ಅಂತ ಕುಂಭಕೋಣದ ವಿಗ್ರಹ ರಕ್ಷಣಾ ಕೇಂದ್ರದಲ್ಲಿ ಇಟ್ಟರು. ದೇಶಕ್ಕೆ ವಾಪಸ್ ಬರೋದು ಬೇರೆ, ಊರಿಗೆ ವಾಪಸ್ ಬರೋದು ಬೇರೆ.

ಇದು ತಮಿಳುನಾಡಿನ ಸಮಾಚಾರ, ನಮಗ್ಯಾಕೆ ಅನ್ನೋ ಹಾಗಿಲ್ಲ. 1972ರ ಪ್ರಾಚೀನ ವಸ್ತು ಕಾಯ್ದೆ ಇಡೀ ದೇಶಕ್ಕೆ ಅನ್ವಯ. 100 ವರ್ಷ ದಾಟಿದ ಕಲ್ಲು, ಲೋಹದ ವಿಗ್ರಹ ಖಾಸಗಿಯವರ ಬಳಿ ಇದ್ದರೆ ನೋಂದಣಿ ಮಾಡಿಸಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ನಮ್ಮ ಕಡೆ ಮುಜರಾಯಿಗೆ ಸೇರದ ಎಷ್ಟೋ ಗುಡಿಗಳು ಊರಿನ ಕಮಿಟಿ ಕೈಯಲ್ಲಿವೆ. ಜಾತ್ರೆಯಲ್ಲಿ ಉತ್ಸವ ಮೂರ್ತಿಯ ಮುಂದೆ ಸೆಲ್ಫಿ ತೆಗೆಯೋರು ನೂರಾರು ಜನ. ಆದರೆ ಆ ಫೋಟೊಗಳಲ್ಲಿ ಹೂವು, ಸೀರೆ, ಬೆಳ್ಳಿ ಕವಚ ಬಿಟ್ಟರೆ ಮೂರ್ತಿಯ ಗುರುತೇ ಕಾಣಲ್ಲ.

ಕಮಿಟಿಯವರು ಒಂದು ದಿನ ಬಿಡುವು ಮಾಡಿಕೊಳ್ಳಲಿ. ಅಲಂಕಾರ ತೆಗೆದ ಹೊತ್ತಲ್ಲಿ, ಅರ್ಚಕರನ್ನು ಕೇಳಿ, ಮುಂದೆ, ಹಿಂದೆ, ಎರಡೂ ಪಕ್ಕದಿಂದ ಫೋಟೊ ತೆಗೆಸಲಿ. ಎತ್ತರ, ಮುಕ್ಕಾದ ಜಾಗ, ಪೀಠದ ಮೇಲಿನ ಅಕ್ಷರ ಬರೆದಿಡಲಿ. ಒಂದು ಪ್ರತಿ ಗುಡಿಯಲ್ಲಿ, ಇನ್ನೊಂದು ಹೊರಗೆ ಇರಲಿ. ಖರ್ಚು ಪೂಜೆಯ ಒಂದು ಹಾರದಷ್ಟೂ ಆಗಲ್ಲ.