ಹೆಣ್ಣುಮಕ್ಕಳೂ ರಕ್ತದ ಗುಂಪಿನ ತಿಳಿವಳಿಕೆಯೂ

ಒಂದೇ ಮನೆತನದವರದು ಒಂದೇ ರಕ್ತವೆಂಬ ಮಾತು ನಮ್ಮ ನಾಡಿನಲ್ಲಿ ರೂಢವಾಗಿದೆ. ಬಾಂಧವ್ಯದ ಮಾತಾಗಿ ಅದು ಸೊಗಸಾದುದೇ ಸರಿ. ಆದರೆ ಆಸ್ಪತ್ರೆಯಲ್ಲಿ ಅದನ್ನು ನೆಚ್ಚಲಾಗದು. ತಾಯಿಯ ರಕ್ತವು ಮಗಳಿಗೆ, ಅಣ್ಣನದು ತಂಗಿಗೆ ಹೊಂದದೆ ಹೋಗುವುದುಂಟು.

ರಕ್ತದಲ್ಲಿ ಗುಂಪುಗಳಿರುವುದನ್ನು ೧೯೦೧ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಪಂಡಿತರು ತೋರಿಸಿಕೊಟ್ಟರು. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳ ಕಿರು ಸರಪಳಿಗಳಿರುತ್ತವೆ. ಅವುಗಳಲ್ಲಿ ಮೂಲವಾದುದಕ್ಕೆ ಎಚ್ ಎಂದು ಹೆಸರು. ಅದಕ್ಕೆ ಒಂದು ಬಗೆಯ ಸಕ್ಕರೆ ಸೇರಿದರೆ ಎ ಗುಂಪು, ಮತ್ತೊಂದು ಬಗೆಯದು ಸೇರಿದರೆ ಬಿ, ಎರಡು ಬಗೆಯವೂ ಇದ್ದರೆ ಎಬಿ, ಎರಡೂ ಸೇರದೆ ಎಚ್ ಮಾತ್ರವೇ ಉಳಿದರೆ ಓ. ತನ್ನಲ್ಲಿಲ್ಲದ ಇಂತಹ ಗುರುತನ್ನು ಹೊತ್ತ ಕಣವನ್ನು ದೇಹವು ಹಗೆಯೆಂದೆಣಿಸಿ ನಾಶಮಾಡುತ್ತದೆ.

ಎಚ್ ಕೂಡ ಇಲ್ಲದ ರಕ್ತವನ್ನು ೧೯೫೨ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಪ್ರಕಟಪಡಿಸಿದರು. ನಮ್ಮ ಜಿಲ್ಲೆಯೂ ಆಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ‘ಬಾಂಬೆ ಗುಂಪು’ ಎನಿಸಿಕೊಂಡ ಈ ರಕ್ತವು ಮೇಲುನೋಟದ ಪರೀಕ್ಷೆಯಲ್ಲಿ ಓ ಎಂದೇ ತೋರುತ್ತದೆ. ಆದರೆ ಆ ಗುಂಪಿನವರಿಗೆ ಓ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಮುಳುವು. ತಂದೆತಾಯಿಗಳಿಬ್ಬರಿಂದಲೂ ಈ ಕೊರತೆ ಇಳಿದು ಬಂದಾಗ ಮಾತ್ರ ಇದು ಉಂಟಾಗುವುದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಇದರ ಸಂಭವ ಹೆಚ್ಚು.

ಇದಲ್ಲದೆ ಆರ್‌ಎಚ್ ಎಂಬ ಇನ್ನೊಂದು ಗುರುತುಂಟು. ಅದು ತಾಯಿಯಲ್ಲಿ ಇಲ್ಲದೆ ಕೂಸಿನಲ್ಲಿದ್ದರೆ ಮುಂದಿನ ಕೂಸಿಗೆ ಕೇಡು ತಟ್ಟಬಹುದು. ಬಸಿರಿನಲ್ಲಿಯೂ, ಹೆರಿಗೆಯಾದ ೭೨ ತಾಸುಗಳೊಳಗೂ ತಕ್ಕ ಚುಚ್ಚುಮದ್ದು ಕೊಟ್ಟರೆ ಅದನ್ನು ಬಹುಮಟ್ಟಿಗೆ ತಡೆಯಬಹುದು.

ಮದುವೆಯ ಮಾತುಕತೆಯಲ್ಲಿ ಬಂಗಾರದ ತೂಕವನ್ನು ವಿಚಾರಿಸುವ ನಾವು ರಕ್ತದ ಗುಂಪನ್ನು ವಿಚಾರಿಸುವುದಿಲ್ಲ. ಅಪರೂಪದ ಗುಂಪೆಂದು ತಿಳಿದರೆ ಸಂಬಂಧ ತಪ್ಪೀತೆಂದು ಅಂಜುವವರೂ ಉಂಟು. ಗುಂಪು ರೋಗವಲ್ಲ, ಕಳಂಕವೂ ಅಲ್ಲ. ಅದನ್ನು ಅರಿಯದಿರುವುದೇ ಅಪಾಯ. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಯಲ್ಲಿ ನಡುರಾತ್ರಿ ಬಾಣಂತಿಗೆ ರಕ್ತಸ್ರಾವವಾಗಿ, ಅವಳನ್ನು ವಿಜಯಪುರ ನಗರಕ್ಕೆ ಕರೆತರುವಾಗ, ಅಪರೂಪದ ರಕ್ತವನ್ನು ಹುಡುಕಲು ವೇಳೆಯೆಲ್ಲಿ? ಮೊದಲೇ ತಿಳಿದಿದ್ದರೆ ದಾನಿಗಳನ್ನು ಗೊತ್ತುಮಾಡಿಟ್ಟುಕೊಳ್ಳಬಹುದು.

ಆದುದರಿಂದ ಪ್ರತಿಯೊಬ್ಬ ಬಾಲೆಯೂ ಶಾಲೆಯನ್ನು ಬಿಡುವ ಮುನ್ನ ತನ್ನ ಗುಂಪನ್ನೂ ಆರ್‌ಎಚ್ ಗುರುತನ್ನೂ ಅರಿತಿರಬೇಕು. ಓ ಎಂದು ಬಂದಲ್ಲಿ ಎಚ್ ಇದೆಯೋ ಇಲ್ಲವೋ ಎಂಬುದನ್ನೂ ಪರೀಕ್ಷಿಸಿ ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ. ಮಾತಾಪಿತೃಗಳು ಇದಕ್ಕೆ ಮನಸ್ಸು ಮಾಡಲಿ. ಈ ಶಾಲೆಯಲ್ಲಿ ಕಲಿತು ಗೃಹಿಣಿಯರಾಗಿರುವ ಸಹೋದರಿಯರು ತಮ್ಮ ಮನೆಯಿಂದಲೇ ಇದನ್ನು ಆರಂಭಿಸಲಿ.